ಅಂಗಳವಿಲ್ಲದ ನಗರದಲ್ಲಿ ಅಂಗನವಾಡಿ

(ಮುಂಬಯಿಯಲ್ಲಿ ಸಮಾಜದ ಪ್ರತಿಭಾ ಪುರಸ್ಕಾರ ಸಮಾರಂಭವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಹತ್ತನೆಯ ಮತ್ತು ಹನ್ನೆರಡನೆಯ ತರಗತಿಗಳಲ್ಲಿ ಉತ್ತಮ ಅಂಕ ಗಳಿಸಿದ ವಿದ್ಯಾರ್ಥಿಗಳಿಗೆ ಈಗಷ್ಟೇ ಶಾಲು ಹೊದಿಸಿ, ಫಲಕ ಕೊಟ್ಟು ಹರಸಿದ್ದೇವೆ. ಅವರಿಗೂ ಅವರ ತಂದೆತಾಯಿಯರಿಗೂ ನನ್ನ ಅಭಿನಂದನೆಗಳು. ಆದರೆ ಇಂದು ನಾನು ಮಾತನಾಡಬಯಸುವುದು ಹದಿನೈದು ಹದಿನೇಳು ವರ್ಷದವರ ಬಗ್ಗೆ ಅಲ್ಲ. ಮೂರರಿಂದ ಆರು ವರ್ಷದ ಮಕ್ಕಳ ಬಗ್ಗೆ. ಅವರಿಗೆ ಅಂಕಪಟ್ಟಿ ಇಲ್ಲ. ಆದ್ದರಿಂದ ನಮ್ಮ ಸನ್ಮಾನದ ಪಟ್ಟಿಯಲ್ಲೂ ಅವರು ಇರುವುದಿಲ್ಲ.

ಒಳಗೆ ಬರುವಾಗ ಬಾಗಿಲ ಬಳಿ ಒಂದು ಮಗುವನ್ನು ಕಂಡೆ. ಈ ಕಟ್ಟಡದ ಕಾವಲುಗಾರರ ಮಗಳಂತೆ, ನಾಲ್ಕು ವರ್ಷವಿರಬಹುದು. ಅವರ ಊರು ಯಾದಗಿರಿಯ ಕಡೆಯದು. ನಾವೆಲ್ಲ ಅವಸರದಲ್ಲಿ ಬಿಟ್ಟುಬಂದ ಚಪ್ಪಲಿಗಳನ್ನು ಆ ಮಗು ಜೋಡಿಸಿಡುತ್ತಿತ್ತು. "ಏನು ಮಾಡ್ತಾ ಇದ್ದೀಯವ್ವಾ?" ಎಂದು ಕೇಳಿದೆ. "ಇವು ದೊಡ್ಡವರ್ವು, ಇವು ಸಣ್ಣವರ್ವು" ಎಂದಿತು. ಎರಡು ಸಾಲು. ಒಂದರಲ್ಲಿ ದೊಡ್ಡ ಜೊತೆಗಳು, ಇನ್ನೊಂದರಲ್ಲಿ ಚಿಕ್ಕವು. ಎಡಕ್ಕೆ ಎಡದ್ದು, ಬಲಕ್ಕೆ ಬಲದ್ದು.

ಶಿಶುಶಿಕ್ಷಣ ಬಲ್ಲವರು ಇದನ್ನು ವರ್ಗೀಕರಣ, ಜೋಡಣೆ, ಕ್ರಮಗೊಳಿಸುವಿಕೆ ಎಂದು ಕರೆಯುತ್ತಾರೆ. ಗಣಿತದ ತಳಹದಿ ಇದೇ. ನಾವು ನಮ್ಮ ಮೊಮ್ಮಕ್ಕಳಿಗೆ ಇದನ್ನೇ ಕಲಿಸಲೆಂದು ವರ್ಷಕ್ಕೆ ಲಕ್ಷಾಂತರ ರೂಪಾಯಿ ಶುಲ್ಕ ಕಟ್ಟುತ್ತೇವೆ. ಆ ಮಗು ಯಾರೂ ಹೇಳದೆ ಅದನ್ನು ಮಾಡುತ್ತಿತ್ತು. ಬುದ್ಧಿಗೆ ಕೊರತೆಯಿಲ್ಲ, ಆ ಬುದ್ಧಿಯನ್ನು ಕಂಡು, ಮಾತನಾಡಿಸಿ, ಮುಂದಿನ ಹೆಜ್ಜೆಗೆ ಕೈಹಿಡಿಯುವವರು ಇಲ್ಲ.

ಬಂಧುಗಳೇ, ದಾನದ ವಿಷಯದಲ್ಲಿ ನಮ್ಮ ಸಮಾಜಕ್ಕೆ ಯಾರೂ ಪಾಠ ಹೇಳಬೇಕಾಗಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ನಾವು ಬಾಲ್ಯದಿಂದ ಕೇಳಿದ್ದೇವೆ. ನನ್ನ ಗಮನ ಸೆಳೆಯುವುದು ಶಾಸ್ತ್ರದಾನದ ಇತಿಹಾಸ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಆ ಕಾಲದಲ್ಲಿ ಅತ್ಯಂತ ವಿರಳವಾಗಿದ್ದ ವಸ್ತು ಓಲೆಯ ಪ್ರತಿ. ಅದನ್ನೇ ಆಕೆ ಕೊಟ್ಟಳು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬಯಿಗೆ ಓದಲು ಬರುವ ಯುವಕರಿಗೆ ಅತ್ಯಂತ ವಿರಳವಾದದ್ದು ಮಲಗಲು ಒಂದು ಹಾಸಿಗೆ, ಶುದ್ಧವಾದ ಒಂದು ಊಟ. ಸೇಠ್ ಮಾಣಿಕ್‌ಚಂದರಂಥವರು ಬೋರ್ಡಿಂಗುಗಳನ್ನು ಕಟ್ಟಿದರು. 1915ರಲ್ಲಿ ಮಹಾವೀರ ಜೈನ ವಿದ್ಯಾಲಯ ಆರಂಭವಾಯಿತು. ಅದೇ ಮುಂಬಯಿಯಲ್ಲಿ ಹಗಲು ಹೋಟೆಲುಗಳಲ್ಲಿ ದುಡಿಯುತ್ತಿದ್ದ ನಮ್ಮ ಕರಾವಳಿಯ ಹುಡುಗರಿಗೆ ಸಿಗದಿದ್ದದ್ದು ಹಗಲಿನ ಹೊತ್ತು. ಕನ್ನಡಿಗರ ಸಂಘಗಳು ಅವರಿಗಾಗಿ ರಾತ್ರಿ ಶಾಲೆಗಳನ್ನು ತೆರೆದವು. ಲೋಟ ತೊಳೆದ ಕೈಗಳೇ ಅಲ್ಲಿ ಪುಸ್ತಕ ಹಿಡಿದವು. ಆ ಶಾಲೆಗಳಲ್ಲಿ ಕಲಿತವರು ಮುಂದೆ ಉದ್ಯಮಿಗಳೂ ವಕೀಲರೂ ಆದರು.

ಈ ಹಿರಿಯರೆಲ್ಲ ತಮ್ಮ ಕಾಲದಲ್ಲಿ ಯಾವುದು ವಿರಳವೋ ಅದನ್ನು ಗುರುತಿಸಿ ಕೊಟ್ಟರು. ನಾವಾದರೋ ಇಂದಿಗೂ ಅವರು ಕೊಟ್ಟದ್ದನ್ನೇ ಕೊಡುತ್ತಿದ್ದೇವೆ: ಇನ್ನೊಂದು ವಸತಿಗೃಹ, ಇನ್ನೊಂದು ಕಾಲೇಜು ಕಟ್ಟಡ, ಇನ್ನೊಂದು ವಿದ್ಯಾರ್ಥಿವೇತನ. ಅವು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಮೆಟ್ಟಿಲಿನ ತುದಿಯಲ್ಲಿ ನಿಂತು ಹಾರ ಹಾಕುವವರು ಬಹಳ ಮಂದಿ. ಮೊದಲ ಮೆಟ್ಟಿಲಿನ ಬಳಿ ನಿಂತು ಎತ್ತಿಕೊಳ್ಳುವವರು ಕಡಿಮೆ.

ಮೊದಲ ಮೆಟ್ಟಿಲಿನ ಬೆಲೆ ಎಷ್ಟು? ಆರು ವರ್ಷ ತುಂಬುವುದರೊಳಗೆ ಮಗುವಿನ ಮೆದುಳಿನ ಬೆಳವಣಿಗೆಯ ಶೇಕಡಾ 85ಕ್ಕೂ ಹೆಚ್ಚು ಭಾಗ ಆಗಿಹೋಗಿರುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲ್ಯಾಂಟಿ ಎಂಬ ಊರಿನಲ್ಲಿ 1962ರಲ್ಲಿ ಒಂದು ಪ್ರಯೋಗ ಆರಂಭವಾಯಿತು. ಬಡ ಕುಟುಂಬಗಳ 123 ಕಪ್ಪು ಜನಾಂಗದ ಮಕ್ಕಳಲ್ಲಿ 58 ಮಂದಿಗೆ ಮೂರು, ನಾಲ್ಕನೆಯ ವಯಸ್ಸಿನಲ್ಲಿ ಒಳ್ಳೆಯ ಶಿಶುಶಾಲೆ ದೊರೆಯಿತು, ಉಳಿದವರಿಗೆ ಇಲ್ಲ. ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಮೊದಲು ಕಂಡ ಅಂತರ ಕೆಲವು ವರ್ಷಗಳಲ್ಲಿ ಕರಗಿಹೋಯಿತು. ಆದರೆ ಅವರೆಲ್ಲರಿಗೆ ನಲವತ್ತು ವರ್ಷವಾದಾಗ ನೋಡಿದರೆ, ಶಿಶುಶಾಲೆಗೆ ಹೋದವರಲ್ಲಿ ಹೆಚ್ಚು ಮಂದಿ ಪ್ರೌಢಶಾಲೆ ಮುಗಿಸಿದ್ದರು, ಹೆಚ್ಚು ಗಳಿಸುತ್ತಿದ್ದರು, ಪೊಲೀಸರ ಕೈಗೆ ಸಿಕ್ಕವರು ಕಡಿಮೆ. ಹೂಡಿಕೆಯ ಲೆಕ್ಕ ಬಲ್ಲ ವ್ಯಾಪಾರಸ್ಥರು ಇಲ್ಲಿ ಬಹಳ ಮಂದಿ ಇದ್ದೀರಿ, ಹೆಚ್ಚು ವಿವರಿಸಬೇಕಾಗಿಲ್ಲ.

ಆದರೆ ನಮ್ಮ ಕಾನೂನಿನಲ್ಲಿಯೇ ಈ ವಯಸ್ಸಿಗೆ ಒಂದು ಬಿರುಕಿದೆ. 2002ರ 86ನೆಯ ಸಂವಿಧಾನ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದವರಿಗೆ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. ಆರಕ್ಕಿಂತ ಚಿಕ್ಕವರ ವಿಷಯದಲ್ಲಿ ಸರ್ಕಾರ "ಪ್ರಯತ್ನಿಸತಕ್ಕದ್ದು" ಎಂದಷ್ಟೇ 45ನೆಯ ವಿಧಿಯಲ್ಲಿ ಉಳಿಯಿತು. ಹಕ್ಕಿಗೂ ಪ್ರಯತ್ನಕ್ಕೂ ಇರುವ ಅಂತರದಲ್ಲಿಯೇ ಬಾಗಿಲ ಬಳಿಯ ಆ ಮಗು ಕುಳಿತಿದೆ.

ಈಗ "ಶಾಲಾಸಿದ್ಧತೆ" ಎಂಬ ಮಾತಿಗೆ ಬರುತ್ತೇನೆ. ಇದನ್ನು ನಮ್ಮ ಮನೆಗಳಲ್ಲಿಯೇ ತಪ್ಪಾಗಿ ತಿಳಿದಿದ್ದೇವೆ. ಮೂರು ವರ್ಷದ ಕಂದನಿಗೆ ಸಂದರ್ಶನದ ತರಬೇತಿ ಕೊಡಿಸುತ್ತೇವೆ. ನಾಲ್ಕು ವರ್ಷದ ಕೈಗೆ ಪೆನ್ಸಿಲು ಕೊಟ್ಟು ಸಾಲುಗಟ್ಟಲೆ ಅಕ್ಷರ ತಿದ್ದಿಸುತ್ತೇವೆ. ಆ ಬೆರಳುಗಳ ಎಲುಬು ಇನ್ನೂ ಗಟ್ಟಿಯಾಗಿರುವುದಿಲ್ಲ. ಶಾಲೆಗೆ ಸಿದ್ಧವಾದ ಮಗು ಎಂದರೆ ಬೇರೆ. ತನಗೆ ಬಾಯಾರಿದೆ, ಹೊಟ್ಟೆ ನೋಯುತ್ತಿದೆ ಎಂದು ಅಪರಿಚಿತರಾದ ಟೀಚರಿಗೆ ಹೇಳಬಲ್ಲದ್ದು. ಕತೆ ಮುಗಿಯುವವರೆಗೆ ಕುಳಿತು ಕೇಳಬಲ್ಲದ್ದು, ಕೇಳಿದ್ದನ್ನು ತನ್ನ ಮಾತಿನಲ್ಲಿ ಮತ್ತೆ ಹೇಳಬಲ್ಲದ್ದು. ತನ್ನ ಸರದಿಗಾಗಿ ಕಾಯಬಲ್ಲದ್ದು. ಹುಣಿಸೆ ಬೀಜಗಳನ್ನು ಎಣಿಸಿ, ಎರಡು ಗುಂಪುಗಳಲ್ಲಿ ಯಾವುದು ಹೆಚ್ಚು ಎನ್ನಬಲ್ಲದ್ದು. ಮಗು ಮಾತ್ರ ಸಿದ್ಧವಾದರೆ ಸಾಲದು. ಮಗುವನ್ನು ಬರಮಾಡಿಕೊಳ್ಳಲು ಶಾಲೆ ಸಿದ್ಧವಾಗಬೇಕು, ಮಗುವನ್ನು ಕಳುಹಿಸಲು ಮನೆ ಸಿದ್ಧವಾಗಬೇಕು.

ನಮ್ಮ ಆದಿಪುರಾಣದಲ್ಲಿ ಋಷಭದೇವನು ತನ್ನ ಹೆಣ್ಣುಮಕ್ಕಳಿಗೆ ವಿದ್ಯೆ ಕಲಿಸುವ ಪ್ರಸಂಗ ತಮಗೆ ನೆನಪಿರಬಹುದು. ಬ್ರಾಹ್ಮಿಗೆ ಅಕ್ಷರ, ಸೌಂದರಿಗೆ ಅಂಕ. ವಿದ್ಯೆ ಅಲ್ಲಿ ಶುರುವಾಗುವುದು ವಾತ್ಸಲ್ಯದಿಂದ. ಬೆತ್ತದಿಂದಲೂ ಅಲ್ಲ, ಪ್ರವೇಶ ಪರೀಕ್ಷೆಯಿಂದಲೂ ಅಲ್ಲ. ಮತ್ತು ಅದು ಶುರುವಾಗುವುದು ಹೆಣ್ಣುಮಕ್ಕಳಿಂದ.

ಇಂಥ ಶಿಕ್ಷಣವನ್ನು ಬಡ ಮಕ್ಕಳ ಮನೆಬಾಗಿಲಿಗೆ ಕೊಂಡೊಯ್ದ ಮಹನೀಯರು ಈ ಮುಂಬಯಿಯ ಸುತ್ತಲೇ ದುಡಿದವರು. ಮುಂಬಯಿಯಲ್ಲಿ 1892ರಲ್ಲಿ ಹುಟ್ಟಿದ ತಾರಾಬಾಯಿ ಮೋಡಕ್, ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರ ಬಾಲಮಂದಿರದಲ್ಲಿ ದುಡಿದು, 1936ರಲ್ಲಿ ದಾದರಿನಲ್ಲಿ ಶಿಶುವಿಹಾರವನ್ನು ಆರಂಭಿಸಿದರು. ಮಧ್ಯಮವರ್ಗದ ಮಕ್ಕಳು ಬಂದರು. ಆದರೆ ಬಡವರ ಮಕ್ಕಳೆಲ್ಲಿ ಎಂಬ ಪ್ರಶ್ನೆ ಅವರನ್ನು ಕಾಡಿತು. 1945ರಲ್ಲಿ ಅವರು ಅಂದಿನ ಠಾಣೆ ಜಿಲ್ಲೆಯ ಬೋರ್ಡಿಗೆ ಹೋದರು. ಅನುತಾಯಿ ವಾಘ್ ಜೊತೆಗೂಡಿದರು. ಬಾಲವಾಡಿ ತೆರೆದರೂ ದಲಿತರ ಕೇರಿಯ ಮಕ್ಕಳು ಬರಲಿಲ್ಲ. ಆಗ ಅವರು ಮಕ್ಕಳನ್ನು ದೂರಲಿಲ್ಲ, ತಾಯಂದಿರನ್ನು ದೂರಲಿಲ್ಲ. ಶಾಲೆಯನ್ನೇ ಎತ್ತಿಕೊಂಡು ಅವರ ಮನೆಯ ಅಂಗಳಕ್ಕೆ ಹೋದರು. ಅಂಗನವಾಡಿ ಎಂಬ ಹೆಸರು ಹುಟ್ಟಿದ್ದು ಹಾಗೆ. ವಿದೇಶದ ದುಬಾರಿ ಉಪಕರಣಗಳ ಬದಲು ಬೀಜ, ಚಿಪ್ಪು, ಎಲೆ, ಕಡ್ಡಿಗಳೇ ಪಾಠದ ಸಾಮಗ್ರಿಯಾದವು. 1957ರಲ್ಲಿ ಕೋಸ್‌ಬಾಡ್ ಗುಡ್ಡಕ್ಕೆ ಹೋದ ಮೇಲೆ, ದನ ಮೇಯಿಸುವ ವಾರಲಿ ಮಕ್ಕಳಿಗಾಗಿ ಗೋಮಾಳದಲ್ಲಿಯೇ ಶಾಲೆ ನಡೆಸಿದರು.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ 33 ಕಡೆಗಳಲ್ಲಿ ಆರಂಭವಾದಾಗ ಸರ್ಕಾರ ಆ ಹೆಸರನ್ನೇ ಎತ್ತಿಕೊಂಡಿತು. ನಮ್ಮ ಕರ್ನಾಟಕದ ಟಿ. ನರಸೀಪುರ, ಈ ಮುಂಬಯಿಯ ಧಾರಾವಿ ಎರಡೂ ಆ ಮೊದಲ ಪಟ್ಟಿಯಲ್ಲಿದ್ದವು. ಆದರೆ ಟಿ. ನರಸೀಪುರದಲ್ಲಿ ಅಂಗಳವಿತ್ತು, ಧಾರಾವಿಯಲ್ಲಿ ಅಂಗಳವೆಲ್ಲಿ?

ನನ್ನ ಮಾತಿನ ತಿರುಳು ಇಲ್ಲಿದೆ. ಈ ನಗರದಲ್ಲಿ ಚಿಕ್ಕ ಮಗುವಿಗೆ ಅತ್ಯಂತ ವಿರಳವಾದದ್ದು ಜಾಗ. 2011ರ ಜನಗಣತಿಯಂತೆ ಮುಂಬಯಿಯ ಜನರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಝೋಪಡಪಟ್ಟಿಗಳಲ್ಲಿ ವಾಸಿಸುತ್ತಾರೆ. 2013ರ ರಾಷ್ಟ್ರೀಯ ಶಿಶುಶಿಕ್ಷಣ ನೀತಿ ಮೂವತ್ತು ಮಕ್ಕಳಿಗೆ ಕನಿಷ್ಠ 35 ಚದರ ಮೀಟರಿನ ಒಂದು ಕೋಣೆ, ಹೊರಗೆ ಆಡಲು 30 ಚದರ ಮೀಟರು ಬೇಕೆನ್ನುತ್ತದೆ. 35 ಚದರ ಮೀಟರು ಎಂದರೆ ಸುಮಾರು 375 ಚದರ ಅಡಿ. ಝೋಪಡಪಟ್ಟಿ ಪುನರ್ವಸತಿಯಲ್ಲಿ ಒಂದಿಡೀ ಕುಟುಂಬಕ್ಕೆ ದೊರೆಯುವ ಮನೆಯೇ ಮೊದಲು 269, ಈಚೆಗೆ 300 ಚದರ ಅಡಿ. ಹೀಗಿರುವಾಗ ಅಂಗನವಾಡಿಗೆ ಸಿಗುವುದು ಗಲ್ಲಿಯ ಒಳಗಿನ ಬಾಡಿಗೆಯ ಖೋಲಿ. ಅಲ್ಲಿ ಕಾರ್ಯಕರ್ತೆ ಮಕ್ಕಳನ್ನು ಕೂರಿಸಬಲ್ಲಳು, ಕುಣಿಸಲಾರಳು. ಮಳೆಗಾಲದಲ್ಲಿ ಕೂರಿಸುವುದೂ ಕಷ್ಟ.

ಈಗ ಈ ಸಭಾಭವನವನ್ನೊಮ್ಮೆ ಸುತ್ತ ನೋಡಿ. ಫ್ಯಾನುಗಳಿವೆ, ಕುಡಿಯುವ ನೀರಿದೆ, ಶೌಚಾಲಯವಿದೆ, ಗೇಟಿದೆ, ಗೇಟಿಗೆ ಕಾವಲುಗಾರರಿದ್ದಾರೆ. ಮದುವೆಯ ದಿನಗಳನ್ನೂ ಪರ್ಯೂಷಣ, ದಶಲಕ್ಷಣದ ದಿನಗಳನ್ನೂ ಬಿಟ್ಟರೆ ಸೋಮವಾರದಿಂದ ಶುಕ್ರವಾರದವರೆಗೆ ಬೆಳಗಿನ ಹೊತ್ತು ಇದು ಬೀಗ ಹಾಕಿಕೊಂಡಿರುತ್ತದೆ. ಈ ನಗರದಲ್ಲಿ ನಮ್ಮ ಸಮಾಜದ, ಇತರ ಕನ್ನಡಿಗರ, ಗುಜರಾತಿ ಮಾರವಾಡಿ ಬಂಧುಗಳ ಇಂಥ ಭವನಗಳು ಒಂದೆರಡಲ್ಲ. ಅತ್ತಿಮಬ್ಬೆ ಇಂದು ಮುಂಬಯಿಯಲ್ಲಿದ್ದಿದ್ದರೆ ಓಲೆಯ ಪ್ರತಿ ಬರೆಯಿಸುತ್ತಿರಲಿಲ್ಲ; ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಒಂದು ಕೋಣೆಯ ಬೀಗ ತೆಗೆಸುತ್ತಿದ್ದಳು ಎಂದು ನಾನು ನಂಬಿದ್ದೇನೆ.

ಇದು ಹೊಸ ಕಲ್ಪನೆಯಲ್ಲ. 1907ರಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯ ವಠಾರವೊಂದರಲ್ಲಿ, ಹಗಲು ದುಡಿಯಲು ಹೋಗುವವರ ಮಕ್ಕಳು ಗೋಡೆ ಹಾಳುಮಾಡುತ್ತಾರೆಂದು ಕಟ್ಟಡದವರೇ ಒಂದು ಕೋಣೆ ಬಿಟ್ಟುಕೊಟ್ಟರು. ಅದನ್ನು ನಡೆಸಲು ಒಪ್ಪಿದ ವೈದ್ಯೆಯೇ ಮಾರಿಯಾ ಮಾಂಟೆಸ್ಸೊರಿ. ಇಂದು ನಾವು ಲಕ್ಷ ಲಕ್ಷ ಕೊಟ್ಟು ಕೊಳ್ಳುವ ಪದ್ಧತಿ ಹುಟ್ಟಿದ್ದು ವಠಾರದವರು ಕೊಟ್ಟ ಒಂದು ಕೋಣೆಯಲ್ಲಿ. ನಮ್ಮ ಮುಂಬಯಿಯಲ್ಲಿಯೂ 1990ರ ದಶಕದಲ್ಲಿ 'ಪ್ರಥಮ್' ಸಂಸ್ಥೆ ಬಸ್ತಿಗಳಲ್ಲಿ ಬಾಲವಾಡಿಗಳನ್ನು ಹಬ್ಬಿಸಿದಾಗ ಕಟ್ಟಡ ಕಟ್ಟಲಿಲ್ಲ. ಗುಡಿಯ ಜಗಲಿಯೋ ಯಾರದೋ ಮನೆಯ ಮುಂಭಾಗವೋ ಸಿಕ್ಕಲ್ಲಿ, ಅದೇ ಬಸ್ತಿಯ ಹೆಣ್ಣುಮಗಳಿಗೆ ತರಬೇತಿ ಕೊಟ್ಟು ನಡೆಸಿದರು. 1972ರಿಂದ ಮೊಬೈಲ್ ಕ್ರೆಷ್ ಸಂಸ್ಥೆ ಇಲ್ಲಿ ಕಟ್ಟಡ ಕೆಲಸದ ನಿವೇಶನಗಳಲ್ಲಿಯೇ ಕೂಲಿಕಾರರ ಮಕ್ಕಳಿಗೆ ಶಿಶುಗೃಹ ನಡೆಸುತ್ತ ಬಂದಿದೆ. ನಮ್ಮಲ್ಲಿ ಕಟ್ಟಡ ಉದ್ಯಮಿಗಳಾಗಿರುವ ಬಂಧುಗಳಿಗೆ ಒಂದು ಮಾತು: ಐವತ್ತಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರು ದುಡಿಯುವ ನಿವೇಶನದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಒದಗಿಸಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯಿದೆಯಲ್ಲೇ ಬರೆಯಲಾಗಿತ್ತು. ನಲವತ್ತೊಂಬತ್ತೇ ಮಂದಿ ಎಂದು ಲೆಕ್ಕ ತೋರಿಸುವ ಜಾಣತನ ನಮಗೆ ಬೇಡ.

ಹಾಗಾದರೆ ನಾವು ಮಾಡಬೇಕಾದದ್ದೇನು? ಮೊದಲು ಸುತ್ತಲಿನ ಬಸ್ತಿಯಲ್ಲಿ ಅಂಗನವಾಡಿ ಇದೆಯೇ ಎಂದು ನೋಡಬೇಕು. ಇದ್ದರೆ ಅದಕ್ಕೆ ಪ್ರತಿಸ್ಪರ್ಧಿಯಾಗಿ ಇನ್ನೊಂದು ತೆರೆಯದೆ, ಅದಕ್ಕೇ ನಮ್ಮ ಕೋಣೆ ಕೊಡೋಣ. ಇಲ್ಲದಿದ್ದರೆ, ಆರು ವರ್ಷದೊಳಗಿನ ನಲವತ್ತು ಮಕ್ಕಳಿರುವ ಯಾವುದೇ ಬಸ್ತಿ ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕೆಂದು 2006ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದೆ. ಅರ್ಜಿ ಬರೆಯಬಲ್ಲ ವಕೀಲರು, ಲೆಕ್ಕಪರಿಶೋಧಕರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಬಸ್ತಿಯ ತಾಯಂದಿರ ಜೊತೆ ಕುಳಿತು ಆ ಅರ್ಜಿ ಬರೆಯುವುದೂ ಶಾಸ್ತ್ರದಾನವೇ. ನಮ್ಮ ನೆರವು ಸರ್ಕಾರ ಕೈತೊಳೆದುಕೊಳ್ಳಲು ನೆಪವಾಗಬಾರದು. ಅಂಗನವಾಡಿ ಕಾರ್ಯಕರ್ತೆಯರು ಇಂದಿಗೂ ಸಂಬಳವಿಲ್ಲದೆ ಗೌರವಧನದಲ್ಲಿ ದುಡಿಯುತ್ತಾರೆ. ಅವರಿಗೂ ಗ್ರಾಚ್ಯುಟಿಯ ಹಕ್ಕಿದೆ ಎಂಬ ಮಾತನ್ನು ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2022ರಲ್ಲಿ. ಅವರ ಬೇಡಿಕೆಗೆ ನಮ್ಮ ದನಿಯೂ ಕೂಡಬೇಕು.

ನಾವೇ ಬಾಲವಾಡಿ ನಡೆಸುವುದಾದರೆ, ಇಪ್ಪತ್ತು ಮಕ್ಕಳಿಗೆ ಒಬ್ಬ ಶಿಕ್ಷಕಿ ಎಂಬ ಪ್ರಮಾಣ ಮೀರುವುದು ಬೇಡ. ಅವರು ಬಸ್ತಿಯವರೇ ಆಗಿರಲಿ, ತರಬೇತಿ ಪಡೆದಿರಲಿ, ಪ್ರತಿ ತಿಂಗಳ ಮೊದಲ ದಿನ ಗೌರವಯುತ ವೇತನ ಪಡೆಯಲಿ. ಉದ್ಘಾಟನೆಯ ಖರ್ಚನ್ನು ಉಳಿಸಿ ಮೂರು ವರ್ಷದ ವೇತನವನ್ನು ಮೊದಲೇ ತೆಗೆದಿಡೋಣ. ಆರು ತಿಂಗಳು ನಡೆಸಿ ಮುಚ್ಚುವ ಬಾಲವಾಡಿ ಮಗುವಿಗೆ ಮಾಡುವ ಮೋಸ.

ಭಾಷೆಯ ಮಾತು ಇನ್ನೊಂದು. ಈ ನಗರದ ಮಹಾನಗರಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ಕನ್ನಡ, ತಮಿಳು, ತೆಲುಗು, ಇಂಗ್ಲಿಷ್ ಎಂಬ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸಿಕೊಂಡು ಬಂದಿದೆ. ಇದು ಸಾಮಾನ್ಯ ಸಂಗತಿಯಲ್ಲ. ಆದರೂ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬರುವವರ ಮಕ್ಕಳು, ಕೆಲಸ ಮುಗಿದೊಡನೆ ಒಂದು ನಿವೇಶನದಿಂದ ಇನ್ನೊಂದಕ್ಕೆ ಸಾಗುವ ಮಕ್ಕಳು, ಮೊದಲ ತರಗತಿಗೆ ಕಾಲಿಟ್ಟಾಗ ಕಿವಿಗೆ ಬೀಳುವುದು ಗುರುತಿಲ್ಲದ ಭಾಷೆ. ಮಗು ಸುಮ್ಮನಾಗುತ್ತದೆ, ಮಂದಬುದ್ಧಿ ಎನಿಸಿಕೊಳ್ಳುತ್ತದೆ. ಇಲ್ಲಿ ನಮ್ಮ ಹಿರಿಯರಿಗೆ, ವಿಶೇಷವಾಗಿ ಮನೆಯಲ್ಲಿರುವ ಅಜ್ಜಿಯಂದಿರಿಗೆ ಒಂದು ಕೆಲಸವಿದೆ. ವಾರಕ್ಕೆ ಎರಡು ದಿನ, ಅರ್ಧ ಗಂಟೆ, ಕನ್ನಡದಲ್ಲಿ ಒಂದು ಕತೆ. ಶಿಕ್ಷಕಿ ಅದೇ ಕತೆಯನ್ನು ಮರಾಠಿಯಲ್ಲಿ ಹೇಳಲಿ. ಎರಡು ಭಾಷೆಗಳ ನಡುವೆ ಮಗು ತಾನೇ ಸೇತುವೆ ಕಟ್ಟಿಕೊಳ್ಳುತ್ತದೆ.

ಕೊಡುವಾಗ ಕೆಲವು ಸಂಯಮಗಳೂ ಬೇಕು. ಮಗುವಿನ ಕೈಗೆ ಡಬ್ಬಿ ಕೊಟ್ಟು ಫೋಟೊ ತೆಗೆಸುವುದು ಬೇಡ. ನಮ್ಮ ಪ್ರಾರ್ಥನೆಯನ್ನು ಅವರ ಬಾಯಿಂದ ಹೇಳಿಸುವುದು ಬೇಡ. ಇನ್ನು ತಮ್ಮಲ್ಲಿ ಕೆಲವರಿಗೆ ಹಿತವೆನಿಸದ ಮಾತು. ನಮ್ಮ ಭವನದಲ್ಲಿ ನಮ್ಮ ಆಹಾರ ನಿಯಮ ನಡೆಯುವುದು ಸಹಜ. ಕಡಲೆ, ಬೇಳೆ, ಶೇಂಗಾ, ಹಾಲುಗಳಿಂದ ಪುಷ್ಟಿಕರವಾದ ತಿಂಡಿ ಮಾಡಿ ಕೊಡೋಣ. ಆದರೆ ಸರ್ಕಾರ ಬಡ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ, ಕರ್ನಾಟಕದಲ್ಲಿ 2021ರಲ್ಲಿ, ಮಹಾರಾಷ್ಟ್ರದಲ್ಲಿ 2023ರ ನಂತರ, ಧಾರ್ಮಿಕ ವಲಯಗಳಿಂದ ವಿರೋಧ ಎದ್ದಿತು. ನಮ್ಮವರ ದನಿಯೂ ಅದರಲ್ಲಿತ್ತು. ನನ್ನ ತಟ್ಟೆಯಲ್ಲಿ ಮೊಟ್ಟೆಗೆ ಸ್ಥಾನವಿಲ್ಲ, ಎಂದೂ ಇರುವುದಿಲ್ಲ. ಆದರೆ ವ್ರತ ಎಂಬುದು ನಾನು ನನಗೆ ಹಾಕಿಕೊಳ್ಳುವ ಕಟ್ಟು. ಹಸಿದ ಮತ್ತೊಬ್ಬರ ಮಗುವಿಗೆ, ಅದರ ತಾಯಿ ಒಪ್ಪಿ ಕೊಡುವ ಆಹಾರಕ್ಕೆ, ಆ ಕಟ್ಟನ್ನು ಬಿಗಿಯುವ ಅಧಿಕಾರ ನನಗೆ ಯಾವ ಶಾಸ್ತ್ರವೂ ಕೊಟ್ಟಿಲ್ಲ ಎಂದು ವಿನಯದಿಂದ ಹೇಳುತ್ತೇನೆ.

"ಮೊದಲು ನಮ್ಮವರನ್ನು ನೋಡೋಣ, ಆಮೇಲೆ ಇತರರು" ಎನ್ನುವವರಿದ್ದಾರೆ. 2001ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇಕಡಾ 64.8 ಇದ್ದಾಗ ಜೈನರದು 94.1. ಇಷ್ಟು ಮುಂದೆ ಬಂದಮೇಲೂ "ಮೊದಲು ನಾವು" ಎಂಬ ಮಾತಿಗೆ ಕೊನೆ ಎಂದು? ನಮ್ಮವರೇ ಆದ ಕರ್ಮವೀರ ಭಾವುರಾವ್ ಪಾಟೀಲರನ್ನು ನೆನೆಯಿರಿ. ಕುಂಭೋಜದ ಜೈನ ಕುಟುಂಬದಲ್ಲಿ 1887ರಲ್ಲಿ ಹುಟ್ಟಿದ ಅವರು 1919ರಲ್ಲಿ ಕಟ್ಟಿದ ಸಂಸ್ಥೆಗೆ ಇಟ್ಟ ಹೆಸರು ರಯತ್ ಶಿಕ್ಷಣ ಸಂಸ್ಥೆ. ಅದು ರೈತಾಪಿ ಜನರೆಲ್ಲರ ಸಂಸ್ಥೆ. ಸಾತಾರದ ಅವರ ವಸತಿಗೃಹದಲ್ಲಿ ಎಲ್ಲ ಜಾತಿಯ ಹುಡುಗರು ಒಂದೇ ಪಂಕ್ತಿಯಲ್ಲಿ ಉಂಡರು.

ಇದಕ್ಕೆ ಸೇರಿದ ಇನ್ನೊಂದು ಪ್ರಶ್ನೆ. 2014ರ ಜನವರಿಯಲ್ಲಿ ನಮಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನ ದೊರೆಯಿತು. ಅದೇ ಮೇ ತಿಂಗಳಲ್ಲಿ, ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸದು ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಬಡ ಮಕ್ಕಳಿಗೆ ಕೊಡಬೇಕಾದ, ಶಿಶುತರಗತಿಯಿಂದಲೇ ಆರಂಭವಾಗುವ ಶೇಕಡಾ 25ರಷ್ಟು ಸ್ಥಾನಗಳ ಹೊಣೆಯಿಂದ ಇಂಥ ಶಾಲೆಗಳು ಪಾರಾದವು. ಅಲ್ಪಸಂಖ್ಯಾತರ ಹಕ್ಕು ನಮ್ಮ ಧರ್ಮ ಸಂಸ್ಕೃತಿಗಳ ರಕ್ಷಣೆಗೆಂದು ದೊರೆತ ಅಮೂಲ್ಯ ಹಕ್ಕು. ಅದನ್ನು ಬಡ ಮಗುವಿನ ಮುಖಕ್ಕೆ ಮುಚ್ಚುವ ಬಾಗಿಲನ್ನಾಗಿ ಬಳಸಬಾರದು. ಕಾನೂನು ಒತ್ತಾಯಿಸದಿದ್ದರೂ ಆ ಸ್ಥಾನಗಳನ್ನು ನಾವಾಗಿಯೇ ಕೊಡುತ್ತೇವೆ ಎಂದು ನಮ್ಮ ಶಾಲೆಗಳು ಘೋಷಿಸಿದರೆ, ಅದಕ್ಕಿಂತ ದೊಡ್ಡ ಧರ್ಮಪ್ರಭಾವನೆ ಯಾವುದಿದೆ?

ಕೊನೆಯದಾಗಿ, ಈ ಸಭೆಯ ಮುಂದೆ ಮೂರು ಬಿನ್ನಹಗಳನ್ನಿಡುತ್ತೇನೆ. ಒಂದು, ಬರುವ ಜೂನಿನಲ್ಲಿ ಶಾಲೆಗಳು ಆರಂಭವಾಗುವಾಗ ಈ ಭವನದ ಒಂದು ಕೋಣೆ ಬೆಳಗಿನ ಮೂರು ಗಂಟೆ ಸುತ್ತಲಿನ ಮಕ್ಕಳಿಗೆ ತೆರೆದಿರಲಿ. ಎರಡು, ನಮ್ಮ ಶೈಕ್ಷಣಿಕ ನಿಧಿಯ ಹತ್ತರಲ್ಲಿ ಒಂದು ಪಾಲನ್ನು ಆರು ವರ್ಷದೊಳಗಿನವರಿಗೆ ಮೀಸಲಿಡೋಣ. ಮೂರು, ಮುಂದಿನ ವರ್ಷದ ಈ ಸಮಾರಂಭದಲ್ಲಿ ಒಬ್ಬ ಅಂಗನವಾಡಿ ಕಾರ್ಯಕರ್ತೆಯನ್ನು ಕರೆದು, ಇದೇ ವೇದಿಕೆಯಲ್ಲಿ, ಇದೇ ಶಾಲು ಹೊದಿಸಿ ಗೌರವಿಸೋಣ.

ಸಭೆ ಮುಗಿದು ಹೊರಗೆ ಹೋದಾಗ ತಮ್ಮ ಚಪ್ಪಲಿಗಳು ಸಾಲಾಗಿ ಜೋಡಿಸಿಟ್ಟಿರುತ್ತವೆ. ಹುಡುಕಬೇಕಾಗುವುದಿಲ್ಲ. ಮೆಟ್ಟಿಕೊಳ್ಳುವ ಮೊದಲು ದಯವಿಟ್ಟು ಒಂದು ಕ್ಷಣ ನಿಂತು, ಜೋಡಿಸಿಟ್ಟ ಆ ಮಗುವಿನ ಹೆಸರು ಕೇಳಿ. ಚಿಲ್ಲರೆ ಕೊಡಬೇಡಿ, ಎಷ್ಟು ಜೊತೆ ಇದ್ದವು ಎಂದು ಕೇಳಿ. ಎಣಿಸಲು ಎಷ್ಟರವರೆಗೆ ಬರುತ್ತದೋ ಅಷ್ಟನ್ನು ಹೇಳುತ್ತದೆ. ಅದರ ಮುಂದಿನ ಸಂಖ್ಯೆಯನ್ನು ಹೇಳಿಕೊಡುವ ಹೊಣೆ ನಮ್ಮದು.